ಮಕ್ಕಳು ಯಾಕೆ ದಾರಿ ತಪ್ಪುತ್ತಾರೆ?



ಹೋದ ವರ್ಷ ಒಬ್ಬ ಹುಡುಗ ತೋಟದಲ್ಲಿ ತೆಂಗಿನಕಾಯಿ ಕದ್ದು ಮಾರಿ ಸಿಕ್ಕಿಬಿದ್ದ. ನಾವೆಲ್ಲ ಅವನಿಗೆ ಒಂದು ಅಡ್ಡಹೆಸರು ಇಟ್ಟೆವು. ನಾನೂ ಕೂಗಿದ್ದೆ. ಅವನು ಶಾಲೆಗೆ ಬರೋದನ್ನೇ ಬಿಟ್ಟ. ಯಾಕೆ ಕದ್ದೆ ಅಂತ ಯಾರೂ ಕೇಳಲಿಲ್ಲ. ಆಮೇಲೆ ನಾನು ಮೇಷ್ಟ್ರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಯಾರೂ ಕಳ್ಳರಾಗಿ ಹುಟ್ಟುವುದಿಲ್ಲ. ಮಗುವನ್ನು ತಪ್ಪು ದಾರಿಗೆ ಎಳೆಯುವ ಕಾರಣಗಳು ಹಲವು. ಅವು ಯಾವುವೆಂದರೆ: ಮನೆಯಲ್ಲಿ ಕುಡಿತ, ಜಗಳ, ಹೊಡೆತ, ಬಡತನ, ಶಾಲೆ ಬಿಡುವುದು, ಕೆಟ್ಟ ಸಹವಾಸ. ಒಂದು ಇದ್ದರೆ ಮಗು ಹೇಗೋ ತಡೆದುಕೊಳ್ಳುತ್ತದೆ. ನಾಲ್ಕೈದು ಸೇರಿದರೆ ಕಷ್ಟ. ಒಂದು ಹೊರೆ ಹುಲ್ಲು ಹೊರಬಹುದು, ಐದು ಹೊರೆ ಒಟ್ಟಿಗೆ ಹೊರಲು ಆಗುತ್ತದೆಯೇ?

ಹೆದರಿಕೆಯಾದಾಗ ಎದೆ ಡವಡವ ಅನ್ನುತ್ತದೆ. ಪರೀಕ್ಷೆ ಮುಗಿದ ಮೇಲೆ ನಮಗೆ ಅದು ಇಳಿಯುತ್ತದೆ. ಆದರೆ ದಿನಾ ರಾತ್ರಿ ಹೊಡೆದಾಟ ನೋಡುವ ಮಗುವಿಗೆ ಅದು ಇಳಿಯುವುದೇ ಇಲ್ಲ. ಇದೇ ಮಾನಸಿಕ ಒತ್ತಡ. ಆಗ ನಿದ್ದೆ ಬರಲ್ಲ, ಪಾಠ ತಲೆಗೆ ಹೋಗಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಮುಂದೇನಾಗುತ್ತೆ ಅಂತ ಯೋಚಿಸುವ ತಾಳ್ಮೆ ಇರಲ್ಲ.

ಅಮೆರಿಕದ ಹವಾಯಿಯಲ್ಲಿ ಕವಾಯ್ ಎಂಬ ದ್ವೀಪವಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅವರಿಗೆ 40 ವರ್ಷವಾಗುವವರೆಗೂ ಗಮನಿಸಿದರು. ಬಹಳ ಕಷ್ಟಗಳ ನಡುವೆ ಬೆಳೆದವರಲ್ಲೂ ಸುಮಾರು ಮೂವರಲ್ಲಿ ಒಬ್ಬರು ಒಳ್ಳೆಯವರಾಗಿಯೇ ಬೆಳೆದರು. ಅದಕ್ಕೆ ಒಂದು ಮುಖ್ಯ ಕಾರಣ, ಅಜ್ಜಿಯೋ, ನೆರೆಯವರೋ, ಮೇಷ್ಟ್ರೋ ಯಾರಾದರೂ ಒಬ್ಬರು ಅವರನ್ನು ಪ್ರೀತಿಯಿಂದ ನೋಡಿಕೊಂಡಿದ್ದರು.

ನಮ್ಮ ದೇಶದಲ್ಲಿ 2015ರ ಬಾಲ ನ್ಯಾಯ ಕಾಯ್ದೆ ಇದೆ. ಅದರ ಪ್ರಕಾರ 18 ವರ್ಷ ತುಂಬದವರು ತಪ್ಪು ಮಾಡಿದರೆ ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಬಾಲ ನ್ಯಾಯ ಮಂಡಳಿಯ ಮುಂದೆ ಕರೆದುಕೊಂಡು ಹೋಗಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಸೇವಕರು ಇರುತ್ತಾರೆ. ಮಗುವಿನ ಹೆಸರು, ಫೋಟೋ ಪೇಪರಿನಲ್ಲಿ ಹಾಕಬಾರದು. ಅದಕ್ಕೇ ನಾನೂ ಆ ಹುಡುಗನ ಹೆಸರು ಬರೆದಿಲ್ಲ, ಅಡ್ಡಹೆಸರೂ ಬರೆದಿಲ್ಲ. ಕಷ್ಟದಲ್ಲಿರುವ ಮಕ್ಕಳು 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೇಡ.

ಕದ್ದದ್ದು ತಪ್ಪೇ. ಆದರೆ ನಾವು ಆಡಿಕೊಂಡು ನಕ್ಕು, ಅವನ ತಲೆ ಮೇಲೆ ಇನ್ನೊಂದು ಹೊರೆ ಇಟ್ಟೆವು. ಮೊನ್ನೆ ಭಾನುವಾರ ನಾನು ಅವನನ್ನು ಅವನ ಸ್ವಂತ ಹೆಸರು ಹಿಡಿದು ಆಟಕ್ಕೆ ಕರೆದೆ. ಬರಲಿಲ್ಲ. ಆದರೆ ನಿಂತು ತಿರುಗಿ ನೋಡಿದ. ಈ ಭಾನುವಾರ ನೀವೂ ಬನ್ನಿ, ಎಲ್ಲರೂ ಸೇರಿ ಕರೆಯೋಣ.

— 7ನೇ ತರಗತಿಯ ಒಬ್ಬ ವಿದ್ಯಾರ್ಥಿ