ಹಂಗಾಮಿಗೆ ಮೊದಲೇ ಮಾರಾಟವಾಗುವ ದುಡಿಮೆ

ಪ್ರತಿವರ್ಷ ದಸರೆ ಕಳೆಯುತ್ತಿದ್ದಂತೆ ಮಹಾರಾಷ್ಟ್ರದ ಮರಾಠವಾಡದಿಂದ, ಅದರಲ್ಲೂ ಬೀಡ್ ಜಿಲ್ಲೆಯಿಂದ, ಲಕ್ಷಾಂತರ ಕೂಲಿಕಾರರು ಮನೆಗೆ ಬೀಗ ಹಾಕಿ ಮಕ್ಕಳು, ಎತ್ತು, ಪಾತ್ರೆಪಡಗಗಳೊಡನೆ ಕಬ್ಬು ಕಡಿಯಲು ಹೊರಡುತ್ತಾರೆ. ಹೆಚ್ಚಿನವರು ಕೊಲ್ಹಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳನ್ನು ಸೇರಿದರೆ, ಉಳಿದವರಲ್ಲಿ ಬಹಳ ಮಂದಿ ಗಡಿ ದಾಟಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಸುತ್ತಲಿನ ಹೊಲಗಳಿಗೆ ಬರುತ್ತಾರೆ. ವಿಜಯಪುರ, ಕಲಬುರಗಿ ಭಾಗದ ಲಂಬಾಣಿ ತಾಂಡಾಗಳ ಕುಟುಂಬಗಳು ಕೂಡ ಇದೇ ಕೆಲಸಕ್ಕೆ ಗುಳೆ ಹೋಗುವುದುಂಟು. ಇವರೆಲ್ಲರ ಊರುಗಳು ಮಳೆನೆರಳಿನ ಪ್ರದೇಶದಲ್ಲಿವೆ. ಮಳೆಯನ್ನೇ ನಂಬಿದ ಒಂದು ಬೆಳೆ ಕೈಗೆ ಬಂದ ಮೇಲೆ ಅಲ್ಲಿ ಮುಂದಿನ ಮುಂಗಾರಿನವರೆಗೆ ಕೆಲಸವೇ ಇರುವುದಿಲ್ಲ. 1972ರ ಭೀಕರ ಬರಗಾಲದ ನಂತರ ಮರಾಠವಾಡದಲ್ಲಿ ಈ ವಲಸೆ ಇನ್ನಷ್ಟು ಹೆಚ್ಚಿತು.

ಬಡವರು ಕೆಲಸವನ್ನು ಹುಡುಕಿಕೊಂಡು ಹೋಗುತ್ತಾರೆ ಎಂಬ ಸಾಮಾನ್ಯ ತಿಳಿವಳಿಕೆ ಕಬ್ಬಿನ ವಿಷಯದಲ್ಲಿ ಪೂರ್ತಿ ಸರಿಯಾಗುವುದಿಲ್ಲ, ಏಕೆಂದರೆ ಇಲ್ಲಿ ಕೆಲಸವೇ ಹಣದ ರೂಪದಲ್ಲಿ ತಿಂಗಳುಗಳ ಮೊದಲು ಕೂಲಿಕಾರರ ಮನೆಬಾಗಿಲಿಗೆ ಬಂದು ಅವರನ್ನು ಹಿಡಿದಿಟ್ಟುಕೊಂಡಿರುತ್ತದೆ. ಮಳೆಗಾಲದಲ್ಲಿ ಬೀಜ, ಗೊಬ್ಬರ, ಆಸ್ಪತ್ರೆ, ಮದುವೆಗಳ ಖರ್ಚು ಒಟ್ಟಿಗೆ ಎದುರಾದಾಗ ಮುಕಾದಮ, ಎಂದರೆ ಕೂಲಿಕಾರರ ಗುಂಪನ್ನು ಕಟ್ಟಿ ಕಾರ್ಖಾನೆಗೆ ಒದಗಿಸುವ ಗುತ್ತಿಗೆದಾರ, 'ಉಚಲ್' ಎಂದು ಕರೆಯುವ ಮುಂಗಡವನ್ನು ಕೊಡುತ್ತಾನೆ. ಕಾರ್ಖಾನೆಯಿಂದ ಸಾಗಣೆದಾರನಿಗೆ, ಅವನಿಂದ ಮುಕಾದಮನಿಗೆ, ಮುಕಾದಮನಿಂದ ದಂಪತಿಗೆ ಇಳಿದು ಬರುವ ಈ ಹಣ ಸಾಮಾನ್ಯವಾಗಿ ಜೋಡಿಗೆ 50,000 ರೂಪಾಯಿಗಿಂತ ಕಡಿಮೆ ಇರುವುದಿಲ್ಲ, ಲಕ್ಷವನ್ನು ದಾಟುವುದೂ ಅಪರೂಪವಲ್ಲ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ 'ಒಂದು ಕೊಯ್ತಾ' ಎಂದು ಎಣಿಸಲಾಗುತ್ತದೆ, ಮುಂಗಡವೂ ಕೂಲಿಯೂ ಈ ಜೋಡಿಯ ಲೆಕ್ಕದಲ್ಲೇ ನಿಗದಿಯಾಗುತ್ತವೆ. ಕಡಿದ ಕಬ್ಬಿನ ಟನ್ನಿಗೆ ಇಂತಿಷ್ಟು ಎಂದು ಕೂಲಿ ಜಮೆಯಾಗುತ್ತ ಮುಂಗಡ ತೀರಬೇಕು. ಕೆಲಸಕ್ಕೆ ಬಾರದ ದಿನಕ್ಕೆ 'ಖಾಡಾ' ಎಂಬ ದಂಡ ಬೀಳುತ್ತದೆ. ಹಂಗಾಮು ಮುಗಿದಾಗ ಉಳಿದ ಬಾಕಿ ಮುಂದಿನ ವರ್ಷದ ಲೆಕ್ಕಕ್ಕೆ ಏರುತ್ತದೆ. ಕುಟುಂಬವೊಂದು ತನ್ನ ಆರು ತಿಂಗಳ ದುಡಿಮೆಯನ್ನು, ಬೆಲೆ ಕೇಳುವ ಶಕ್ತಿ ತನಗೆ ಅತ್ಯಂತ ಕಡಿಮೆ ಇರುವ ಹೊತ್ತಿನಲ್ಲಿ, ಒಟ್ಟಾಗಿ ಮಾರಿಬಿಟ್ಟಿರುತ್ತದೆ.

ಕಬ್ಬಿನ ಗುಣವೂ ಈ ಬಿಗಿಯನ್ನು ಹೆಚ್ಚಿಸುತ್ತದೆ. ಕಡಿದ ಕಬ್ಬಿನಲ್ಲಿ ಸಕ್ಕರೆಯ ಅಂಶ ಗಂಟೆಗಂಟೆಗೂ ಇಳಿಯುವುದರಿಂದ ಒಂದು ದಿನದೊಳಗೆ ಅದು ಗಾಣಕ್ಕೆ ಬೀಳಬೇಕೆಂದು ಕಾರ್ಖಾನೆ ಬಯಸುತ್ತದೆ, ಹೀಗಾಗಿ ಬೆಳಕು ಹರಿಯುವ ಮೊದಲೇ ಕಟಾವು ಆರಂಭವಾಗಿ, ಲಾರಿ ರಾತ್ರಿ ಬಂದರೆ ರಾತ್ರಿಯೇ ಹೊರೆ ಹೊತ್ತು ತುಂಬಬೇಕಾಗುತ್ತದೆ. ಇದರ ಭಾರ ಹೆಣ್ಣಿನ ಮೇಲೆ ಹೆಚ್ಚು, ಏಕೆಂದರೆ ಹೊಲದ ಕೆಲಸಕ್ಕೆ ಮೊದಲು ಮತ್ತು ಆಮೇಲೆ ಗುಡಿಸಲಿನ ಅಡುಗೆ, ನೀರು, ಮಕ್ಕಳ ಪಾಲನೆ ಅವಳದೇ ಆಗಿರುತ್ತದೆ, ಶೌಚಾಲಯವಂತೂ ಇರುವುದೇ ಇಲ್ಲ. ಮಹಾರಾಷ್ಟ್ರ ಸರ್ಕಾರ 2019ರಲ್ಲಿ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ರಚಿಸಿದ ಸಮಿತಿಯ ಮುಂದೆ ಬಂದ ಸಮೀಕ್ಷೆಯ ಪ್ರಕಾರ, ಬೀಡ್ ಜಿಲ್ಲೆಯ ಕಬ್ಬು ಕಡಿಯುವ 82,309 ಮಹಿಳೆಯರಲ್ಲಿ 13,861 ಮಂದಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಾಗಿತ್ತು. ದೇಶದಲ್ಲಿ ಈ ಪ್ರಮಾಣ ಸುಮಾರು ಶೇ 3 ಇರುವಾಗ ಇಲ್ಲಿ ಅದು ಶೇ 17ರ ಹತ್ತಿರವಿದೆ. ಮುಟ್ಟಿನ ನೋವಿಗೂ ಸೋಂಕಿಗೂ ಸರಿಯಾದ ಚಿಕಿತ್ಸೆ ಸಿಗದ, ರಜೆ ಎಂದರೆ ದಂಡವೇ ಆದ ವ್ಯವಸ್ಥೆಯೊಂದು ಹೆಣ್ಣಿನ ದೇಹದಲ್ಲೇ ತನ್ನ ಲೆಕ್ಕವನ್ನು ಹೊಂದಿಸಿಕೊಂಡಿತೆಂದು ಹೇಳುವುದು ಅತಿಶಯವಾಗದು. ಜೋಡಿಗೆ ಮಾತ್ರ ಪೂರ್ಣ ಮುಂಗಡ ಸಿಗುವುದರಿಂದ, ಹರೆಯದ ಮಗಳನ್ನು ಊರಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ತಾಯಿತಂದೆಯರು ಹೆದರುವುದರಿಂದಲೂ, ಬಾಲ್ಯವಿವಾಹಕ್ಕೆ ಇಲ್ಲಿ ಹೊಸದೊಂದು ಆರ್ಥಿಕ ಕಾರಣ ಸೇರಿಕೊಂಡಿದೆ.

ಕಾನೂನು ಈ ಸ್ಥಿತಿಯನ್ನು ಕಾಣದೆ ಇಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆ ಜೀತಕ್ಕೆ ಕಾರಣವಾಗುವ ಸಾಲದ ವ್ಯಾಖ್ಯೆಯೊಳಗೆ ಮುಂಗಡವನ್ನೂ ಸೇರಿಸಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕುರಿತ 1982ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹಸಿವು ಮತ್ತು ಬಡತನದ ಒತ್ತಡಕ್ಕೆ ಸಿಕ್ಕಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಆಗುತ್ತದೆ ಎಂದಿತು. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯಿದೆ ಇನ್ನೂ ಮುಂದೆ ಹೋಗಿ, ತಿಂಗಳ ವೇತನದ ಅರ್ಧದಷ್ಟು ಸ್ಥಳಾಂತರ ಭತ್ಯೆಯನ್ನು ಕಾರ್ಮಿಕರಿಗೆ ಮೊದಲೇ ಕೊಡಬೇಕು, ಅದನ್ನು ಹಿಂದಕ್ಕೆ ಪಡೆಯಕೂಡದು ಎಂದು ವಿಧಿಸಿತ್ತು. ಬೀಡಿನಿಂದ ಬೆಳಗಾವಿಗೆ ಬಂದವರಿಗೆ ಅನ್ವಯಿಸುತ್ತಿದ್ದ ಈ ರಕ್ಷಣೆ ವಿಜಯಪುರದ ತಾಂಡಾದಿಂದ ಅದೇ ಹೊಲಕ್ಕೆ ಬಂದವರಿಗೆ ಇರಲಿಲ್ಲ, ಅವರು ರಾಜ್ಯದ ಗಡಿ ದಾಟಿರಲಿಲ್ಲವಷ್ಟೆ. ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಕುರಿತ 2020ರ ಸಂಹಿತೆ ಹಳೆಯ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಳ್ಳುವಾಗ ಈ ಭತ್ಯೆಯನ್ನೇ ಕೈಬಿಟ್ಟು ಪ್ರಯಾಣದ ಖರ್ಚನ್ನಷ್ಟೇ ಉಳಿಸಿದ್ದು ವಿಷಾದದ ಸಂಗತಿ.

ಮಾಲೀಕ ಯಾರು ಎಂಬ ಪ್ರಶ್ನೆಯೂ ಬಗೆಹರಿದಿಲ್ಲ. ಕಾರ್ಖಾನೆ ಸಾಗಣೆದಾರನನ್ನೂ, ಸಾಗಣೆದಾರ ಮುಕಾದಮನನ್ನೂ ತೋರಿಸುತ್ತಾರೆ. ರೈತನಿಗೆ ಕೂಲಿಕಾರರನ್ನು ಗೊತ್ತುಮಾಡುವ ಅಧಿಕಾರವೇ ಇಲ್ಲದಿದ್ದರೂ ಕಟಾವು ಮತ್ತು ಸಾಗಣೆಯ ವೆಚ್ಚ ಅವನ ಕಬ್ಬಿನ ಹಣದಲ್ಲೇ ಕಡಿತವಾಗುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಬೆಲೆ ಕೇಳಿ ಬೆಳೆಗಾರರು ನಡೆಸಿದ ಹೋರಾಟ ನ್ಯಾಯವಾದದ್ದೇ, ಆದರೆ ಅದೇ ಟನ್ನನ್ನು ಕಡಿದು ಹೊತ್ತವರ ಪಾಲು ಎಷ್ಟೆಂಬುದು ಆ ಚರ್ಚೆಯಲ್ಲಿ ಮುಖ್ಯ ವಿಷಯವಾಗಲಿಲ್ಲ. ಮಹಾರಾಷ್ಟ್ರದಲ್ಲಿ ಕೂಲಿಕಾರರ ಸಂಘಟನೆಗಳು ಪಟ್ಟು ಹಿಡಿದ ಕಾರಣ 2024ರ ಜನವರಿಯಲ್ಲಿ ಕಟಾವಿನ ದರ ಶೇ 34ರಷ್ಟು ಏರಿತು. ದರ ಏರಿದರೂ ಲೆಕ್ಕದ ಪುಸ್ತಕ ಮುಕಾದಮನ ಬಳಿಯೇ ಇರುವವರೆಗೆ ಏರಿದ ಹಣ ಬಾಕಿಯಲ್ಲಿ ಕರಗುವುದನ್ನು ತಡೆಯುವುದು ಕಷ್ಟ. ಕಾರ್ಖಾನೆಯ ತೂಕದ ಚೀಟಿಯಲ್ಲಿ ಬೆಳೆಗಾರನ ಹೆಸರಿದೆ, ವಾಹನದ ಸಂಖ್ಯೆಯಿದೆ; ಕಡಿದ ದಂಪತಿಯ ಹೆಸರುಗಳನ್ನೂ, ಇಬ್ಬರದೂ ಬೇರೆ ಬೇರೆಯಾಗಿ, ಅದೇ ಚೀಟಿಯಲ್ಲಿ ನಮೂದಿಸಿ ಅದರ ಪ್ರತಿಯೊಂದನ್ನು ಅವರಿಗೆ ಕೊಡುವುದಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ, ಮತ್ತು ಕಾರ್ಖಾನೆಗಳು ತಾವಾಗಿ ಮಾಡದಿದ್ದರೆ ಸರ್ಕಾರ ಅದನ್ನು ಅರೆಯುವ ಪರವಾನಗಿಯ ಷರತ್ತನ್ನಾಗಿ ಮಾಡಬಹುದು.