ಸಂಜೆಗೆ ಇಳಿಯುವ ಮಾಳಿಗೆ

ಭತ್ತದ ಕಟಾವು ಮುಗಿದ ಡಿಸೆಂಬರಿನಲ್ಲಿ ಸಿಂಧನೂರಿನ ಗದ್ದೆ ಬಯಲಿನ ಮೇಲೆ ಬೆಳಗಿನ ಹೊತ್ತು ಕೂತಿರುವ ಬೂದುಬಣ್ಣದ ಮುಸುಕನ್ನು ಜನ ಮಂಜು ಎಂದೇ ಕರೆಯುತ್ತಾರೆ. ಹೊತ್ತೇರಿದರೆ ಕರಗುತ್ತದೆ, ಹಾಗಾಗಿ ಮಂಜೇ ಇರಬೇಕು ಎಂಬುದು ಲೆಕ್ಕ. ಆದರೆ ಮಂಜಿಗೆ ಸುಟ್ಟ ಹುಲ್ಲಿನ ವಾಸನೆ ಇರುವುದಿಲ್ಲ. ಹಿಂದಿನ ಸಂಜೆ ಹೊತ್ತಿಸಿದ ಕೂಳೆಯ ಹೊಗೆ, ಓಣಿಯ ಕಸದ ಬೆಂಕಿ, ಲಾರಿಗಳು ಉಗುಳಿದ ಮಸಿ, ಅಕ್ಕಿ ಗಿರಣಿಯಲ್ಲಿ ಹೊಟ್ಟು ಉರಿದು ಹಾರಿದ ಬೂದಿ ಇವೆಲ್ಲ ರಾತ್ರಿಯಿಡೀ ಎಲ್ಲಿಗೂ ಹೋಗದೆ ಅಲ್ಲೇ ತಂಗಿದ್ದವು. ಬೆಳಗಿನ ತೇವ ಅವನ್ನು ಕಣ್ಣಿಗೆ ಕಾಣುವಂತೆ ಮಾಡಿತು, ಅಷ್ಟೆ. ಎಷ್ಟು ಹೊಗೆ ಬಿಟ್ಟೆವು ಎಂಬುದರಷ್ಟೇ ಅದನ್ನು ಯಾವ ಹೊತ್ತಿನಲ್ಲಿ ಬಿಟ್ಟೆವು ಎಂಬುದೂ ನಮ್ಮ ಶ್ವಾಸಕೋಶದ ಹಣೆಬರಹವನ್ನು ಬರೆಯುತ್ತದೆ. ಮೊದಲನೆಯದರ ಬಗ್ಗೆ ಬೇಕಾದಷ್ಟು ಮಾತಾಡುತ್ತೇವೆ. ಎರಡನೆಯದರ ಲೆಕ್ಕ ಇಟ್ಟವರು ಕಡಿಮೆ.

ಗಾಳಿಗೂ ಒಂದು ಮಾಳಿಗೆ ಇದೆ, ಮತ್ತು ಅದು ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ಬಿಸಿಲಿಗೆ ಎರೆಭೂಮಿ ಕಾದಾಗ ನೆಲಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತದೆ, ಮೇಲಿನ ತಂಪು ಗಾಳಿ ಅದರ ಜಾಗಕ್ಕೆ ಇಳಿಯುತ್ತದೆ. ಎಸರಿನಲ್ಲಿ ಅಕ್ಕಿ ಮೇಲೆ ಕೆಳಗೆ ಸುತ್ತುವ ಹಾಗೆ. ಈ ಕಲಸಾಟ ಎಷ್ಟು ಎತ್ತರ ಮುಟ್ಟುತ್ತದೋ ಅಷ್ಟು ದೊಡ್ಡ ಮನೆ ಹೊಗೆಗೆ ಸಿಗುತ್ತದೆ. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನ ಆ ಮಾಳಿಗೆ ಎರಡು ಮೂರು ಕಿಲೋಮೀಟರ್ ಮೇಲಿರಬಲ್ಲದು. ಚಳಿಗಾಲದಲ್ಲಿ, ಮೋಡವಿಲ್ಲದ ರಾತ್ರಿ, ಆಟ ತಿರುಗುತ್ತದೆ. ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಗಾಳಿ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಮೇಲೇರಿದಂತೆ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಂತೆ ಕಡಿಮೆಯಾಗಬೇಕಾದ ಉಷ್ಣಾಂಶ ಆ ಪದರದಲ್ಲಿ ಏರತೊಡಗುತ್ತದೆ. ಭಾರದ ಗಾಳಿ ಕೆಳಗೆ, ಹಗುರ ಗಾಳಿ ಮೇಲೆ. ಹೀಗಿರುವಾಗ ಯಾವುದೂ ಮೇಲೇಳುವುದಿಲ್ಲ. ವಿಜ್ಞಾನಿಗಳು ಇದನ್ನು ಉಷ್ಣತಾ ವಿಪರ್ಯಯ ಎನ್ನುತ್ತಾರೆ; ಹೊಗೆಯ ಪಾಲಿಗೆ ಅದೇ ಮುಚ್ಚಳ. ಮಾಳಿಗೆ ಆಗ ನೂರಿನ್ನೂರು ಮೀಟರಿಗೆ ಕುಸಿಯಬಹುದು. ಗಾಳಿಯ ವೇಗವೂ ಅದೇ ಹೊತ್ತಿಗೆ ಬೀಳುತ್ತದೆ. ಉದಾಹರಣೆಗೆಂದು ಒಂದು ಸರಳ ಗುಣಾಕಾರ ಮಾಡೋಣ: ಮಧ್ಯಾಹ್ನ ಮಾಳಿಗೆ 1500 ಮೀಟರ್, ಗಾಳಿ ಸೆಕೆಂಡಿಗೆ 4 ಮೀಟರ್ ಎಂದರೆ 6000, ರಾತ್ರಿ 150 ಮೀಟರ್, ಗಾಳಿ 1 ಮೀಟರ್ ಎಂದರೆ 150. ಒಂದೇ ಪ್ರಮಾಣದ ಹೊಗೆಯನ್ನು ಚದುರಿಸುವ ಶಕ್ತಿ ನಲವತ್ತು ಪಟ್ಟು ಕುಗ್ಗಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಸಾವಿರಾರು ಜನರನ್ನು ಕೊಂದ ಹೊಗೆಮಂಜು ಇಂಥದೇ ಮುಚ್ಚಳದ ಕೆಳಗೆ ಹುಟ್ಟಿದ್ದು. ಆ ಊರು ಕಲ್ಲಿದ್ದಲು ಉರಿಸುತ್ತಿದ್ದುದು ಆ ಐದು ದಿನ ಮಾತ್ರವಲ್ಲವಲ್ಲ!

ಸಿಂಧನೂರಿನ ವಿಷಯದಲ್ಲಿ ಇನ್ನೊಂದು ಸುಳಿ ಇದೆ, ಅದು ನೀರಿನದು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ನೆನೆದ ನೆಲದ ಮೇಲೆ ಬಿಸಿಲಿನ ಬಹುಪಾಲು ಶಕ್ತಿ ನೀರನ್ನು ಆವಿ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಗಾಳಿಯನ್ನು ಕಾಯಿಸಲು ಉಳಿಯುವುದು ಕಡಿಮೆ. ಅಂದರೆ ನೆಲ ಹಸಿಯಾಗಿದ್ದಷ್ಟು ಹಗಲಿನ ಮಾಳಿಗೆಯೂ ತಗ್ಗು. ಆ ಆವಿ ಬೆಳಗಿನ ತಂಪಿಗೆ ಕಣಗಳ ಮೇಲೆ ಕೂರುತ್ತದೆ. ಹುಲ್ಲು ಸುಟ್ಟ ಹೊಗೆಯಲ್ಲಿ ಲವಣಗಳಿವೆ, ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ ಅವು ತೇವ ಹೀರಿ ಉಬ್ಬುತ್ತವೆ, ಉಬ್ಬಿದ ಕಣ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಮುಸುಕು ದಟ್ಟವಾಗಿ ಕಾಣುವುದು ಇದರಿಂದಲೇ. ಸಿಂಧನೂರಿನಿಂದ ಹೆದ್ದಾರಿ ಹಿಡಿದು ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋದರೆ ಹೆಚ್ಚಿನ ನೆಲ ಮಳೆಯನ್ನೇ ನಂಬಿದ್ದು. ಅಲ್ಲಿ ಸಮಸ್ಯೆಯ ಬಣ್ಣವೇ ಬೇರೆ. ಬೇಸಿಗೆಯಲ್ಲಿ ಮಾಳಿಗೆ ಎತ್ತರ, ಗಾಳಿ ಜೋರು. ಆದರೆ ಆ ಗಾಳಿಯೇ ಒಣ ಎರೆಮಣ್ಣನ್ನೂ ಹಟ್ಟಿ ಚಿನ್ನದ ಗಣಿಯ ಸುತ್ತ ಗುಡ್ಡೆಬಿದ್ದ ಅರೆದ ಕಲ್ಲಿನ ಹುಡಿಯನ್ನೂ ಎಬ್ಬಿಸಬಲ್ಲದು. ಗಾಳಿ ಯಾವಾಗಲೂ ಪೊರಕೆಯಲ್ಲ. ಇಷ್ಟಾದರೂ ಧೂಳು ಬಹುಪಾಲು ದಪ್ಪ ಕಣ, ಮೂಗು ಗಂಟಲಲ್ಲೇ ಸಾಕಷ್ಟು ನಿಲ್ಲುತ್ತದೆ. ಹೊಗೆಯ ಕಣ 2.5 ಮೈಕ್ರಾನಿಗಿಂತ ಸಣ್ಣದು, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿಗಿಂತ ಕಡಿಮೆ, ನೇರ ಶ್ವಾಸಕೋಶದ ತಳ ಮುಟ್ಟುತ್ತದೆ. ಇಂಥ ಕಣ ಘನ ಮೀಟರಿಗೆ ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು ಎಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಸಾಕು ಎಂದಿತು. ಎರಡೂ ಇಪ್ಪತ್ತನಾಲ್ಕು ತಾಸಿನ ಸರಾಸರಿ ಎಂಬುದನ್ನು ಗಮನಿಸಬೇಕು. ಮಧ್ಯಾಹ್ನದ ಶುಭ್ರ ಗಾಳಿ ರಾತ್ರಿಯ ಕೊಳೆಯನ್ನು ಕಾಗದದ ಮೇಲೆ ತೊಳೆದುಬಿಡುತ್ತದೆ.

ಹೊಗೆಯ ಪಾಪವನ್ನು ಹವಾಮಾನದ ತಲೆಗೆ ಕಟ್ಟುವ ಉಪಾಯ ಇದು ಎಂದು ಯಾರಾದರೂ ಹೇಳಬಹುದು. ಇಲ್ಲ. ಮುಚ್ಚಳ ತನ್ನಷ್ಟಕ್ಕೆ ಹೊಗೆ ಹುಟ್ಟಿಸುವುದಿಲ್ಲ. ಮುಚ್ಚಳ ಬೀಳುವ ಹೊತ್ತು ಗೊತ್ತಿದ್ದೂ ಒಲೆ ಹಚ್ಚಿದವರ ಹೊಣೆ ಇನ್ನೂ ದೊಡ್ಡದೇ ಆಗುತ್ತದೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಶಕ್ತಿನಗರದಲ್ಲಿ 1720 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವಾಗ ರೈತನ ಹಿಡಿ ಹುಲ್ಲನ್ನು ಯಾಕೆ ಎಣಿಸುವುದು? ಪ್ರಮಾಣದಲ್ಲಿ ಅವೇ ದೊಡ್ಡವು, ಸಂದೇಹವಿಲ್ಲ. ಅವುಗಳ ಗಂಧಕದ ಅನಿಲ ದಾರಿಯಲ್ಲಿ ಸೂಕ್ಷ್ಮ ಕಣವಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಸಾಗುತ್ತದೆ. ಆದರೆ ಎತ್ತರದ ಚಿಮಣಿಯ ಹೊಗೆ ರಾತ್ರಿ ಬಹಳಷ್ಟು ಸಲ ಮುಚ್ಚಳದ ಮೇಲೆಯೇ ತೇಲುತ್ತದೆ. ಬಿಸಿಲೇರಿ ಕಲಸಾಟ ಶುರುವಾದಾಗ ಅದು ಕೆಳಗಿಳಿಯುವುದು. ಕೂಳೆಯ ಹೊಗೆಗಾದರೋ ಆ ಪ್ರಯಾಣದ ಅಗತ್ಯವೇ ಇಲ್ಲ. ಮೂಗಿನ ಮಟ್ಟದಲ್ಲೇ ಹುಟ್ಟಿ, ಪಕ್ಕದ ಊರಿನಲ್ಲಿ ಮಲಗಿದವರ ಮೂಗಿಗೇ ಸೇರುತ್ತದೆ. ಎರಡಕ್ಕೂ ಬೇರೆ ಬೇರೆ ಮದ್ದು ಬೇಕು, ಒಂದರ ನೆಪದಲ್ಲಿ ಇನ್ನೊಂದನ್ನು ಬಿಡಲಾಗದು.

ಹಾಗಾದರೆ ಮಧ್ಯಾಹ್ನ ಸುಟ್ಟರಾಯಿತಲ್ಲ? ಗಾಳಿ ಬಂದಾಗ ತೂರಿಕೋ ಎಂಬ ಗಾದೆಯ ನಾಡಿಗೆ ಇದು ಸಹಜ ಯೋಚನೆ. ಓಣಿಯ ಕಸಕ್ಕೆ ಬೆಂಕಿ ಇಡಲೇಬಾರದು, ಅದು ಬೇರೆ ಮಾತು; ಗಿರಣಿಯ ಬಾಯ್ಲರ್ ಹೊತ್ತಿಸುವ ಹೊತ್ತನ್ನಾದರೂ ಬೆಳಗಿನಿಂದ ಬಿಸಿಲೇರಿದ ಮೇಲಕ್ಕೆ ಸರಿಸುವುದು ಉಪಯೋಗಕ್ಕೆ ಬರುತ್ತದೆ. ಗದ್ದೆಯಲ್ಲಿ ಅದು ನಡೆಯುವುದಿಲ್ಲ, ಕಾರಣವೂ ನ್ಯಾಯವಾದದ್ದೇ. ಮಧ್ಯಾಹ್ನದ ಗಾಳಿಗೆ ಬೆಂಕಿ ಬದು ಹಾರಿ ಪಕ್ಕದವರ ಬಣವೆ ಸೇರುತ್ತದೆ. ಸಂಜೆ ಗಾಳಿ ಬಿದ್ದ ಮೇಲೆ ಹಚ್ಚುವುದು ಎಚ್ಚರಿಕೆಯ ಕೆಲಸ. ಯಾವ ನಿಶ್ಚಲತೆ ಬೆಂಕಿಯನ್ನು ಗದ್ದೆಯೊಳಗೆ ಇಡುತ್ತದೋ ಅದೇ ಹೊಗೆಯನ್ನೂ ಊರೊಳಗೆ ಇಡುತ್ತದೆ. ಅಮೆರಿಕದ ಓರೆಗಾನ್ ರಾಜ್ಯದ ವಿಲಾಮೆಟ್ ಕಣಿವೆಯಲ್ಲಿ ಹುಲ್ಲುಬೀಜ ಬೆಳೆಯುವವರಿಗೆ ಹವೆ ನೋಡಿ ದಿನ ಗೊತ್ತುಮಾಡಿ ಸುಡಲು ಅನುಮತಿ ಕೊಡುವ ವ್ಯವಸ್ಥೆ ಇತ್ತು. ಅಷ್ಟು ಲೆಕ್ಕಾಚಾರವಿದ್ದೂ 1988ರ ಆಗಸ್ಟಿನಲ್ಲಿ ಹೊಲದ ಹೊಗೆ ಹೆದ್ದಾರಿಗೆ ಕವಿದು, ಸರಣಿ ಅಪಘಾತದಲ್ಲಿ ಏಳು ಜನ ಸತ್ತರು. 2009ರಲ್ಲಿ ಅಲ್ಲಿ ಬಹುಪಾಲು ಸುಡುವಿಕೆಯನ್ನೇ ನಿಷೇಧಿಸಿದರು. ನಮ್ಮ 150ಎ ಹೆದ್ದಾರಿಯೂ ಗದ್ದೆಗಳ ನಡುವೆಯೇ ಹಾಯುತ್ತದೆ. ಅದೇ ದಾರಿಯಲ್ಲಿ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಬೇಸಿಗೆ ಬಂತೆಂದರೆ ದನಕ್ಕೆ ಮೇವು ಹುಡುಕುವ ಒಣ ಊರುಗಳಿವೆ. ಸುಡುವ ಹುಲ್ಲು ಅಲ್ಲಿಗೆ ಮೇವಾಗಿ ಹೋಗಬಹುದು. ಆದರೆ ಕಟಾವು ಯಂತ್ರ ಸಾಲಾಗಿ ಉದುರಿಸಿ ಹೋದ ಹುಲ್ಲನ್ನು ಕಟ್ಟು ಕಟ್ಟುವ ಯಂತ್ರದ ಬಾಡಿಗೆ, ಲಾರಿಯ ಬಾಡಿಗೆ, ಮುಂದಿನ ಸಸಿ ಹಚ್ಚುವ ಮೊದಲು ಗದ್ದೆ ಖಾಲಿಯಾಗಬೇಕಾದ ಅವಸರ, ಇವು ಮೂರೂ ಬೆಂಕಿಕಡ್ಡಿಯ ಬೆಲೆಗೆ ಎದುರಾಗಿ ನಿಂತಿವೆ. ಸದ್ಯಕ್ಕೆ ಕಡ್ಡಿಯೇ ಅಗ್ಗ.