ಹಳೇ ಸ್ಪೀಕರ್‌ನ ಬೇಸ್ ಎಲ್ಲಿ ಹೋಯ್ತು?

ಹಳೇ ಸ್ಪೀಕರ್‌ನಲ್ಲಿ ಬೇಸ್ ಕೇಳ್ತಿಲ್ವಾ? ಹೊಸ ವೂಫರ್ ತರೋಕೆ ಮುಂಚೆ ಮುಂದಿನ ಬಟ್ಟೆ ತೆಗೆದು ಕೋನ್‌ನ ಅಂಚು ನೋಡಿ. 70ರ ದಶಕದ ಎಷ್ಟೋ ಸ್ಪೀಕರ್‌ಗಳಲ್ಲಿ ಅದು ಫೋಮ್. ವಯಸ್ಸಾದ ಮೇಲೆ ಮುಟ್ಟಿದ್ರೆ ಪುಡಿ.

ಅಮೆರಿಕದಲ್ಲಿ ಎಡ್ಗರ್ ವಿಲ್ಚುರ್, ಹೆನ್ರಿ ಕ್ಲಾಸ್ 1954ರಲ್ಲಿ ಶುರುಮಾಡಿದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಸ್ಪೀಕರನ್ನೇ ತಗೊಳ್ಳಿ. ಪೂರ್ತಿ ಮುಚ್ಚಿದ ಪೆಟ್ಟಿಗೆ, ಒಳಗಿನ ಗಾಳಿಯೇ ಕೋನ್‌ಗೆ ಸ್ಪ್ರಿಂಗ್. ಎಂಥಾ ಚಂದದ ಯೋಚನೆ! ಚಿಕ್ಕ ಪೆಟ್ಟಿಗೆಯಿಂದ ಅಷ್ಟು ಆಳದ ಬೇಸ್ ಬಂದಿದ್ದೇ ಹೀಗೆ. ಅಂಚು ಹರಿದರೆ ಗಾಳಿ ಸೋರುತ್ತೆ, ಬೇಸ್ ಸೊರಗುತ್ತೆ. ಅದೇ ಅಳತೆಯ, ಅಷ್ಟೇ ಮೆತ್ತಗಿನ ಹೊಸ ಅಂಚು ಅಂಟಿಸಿ. ವೂಫರ್ ಕೂರುವ ಜಾಗದ ಗ್ಯಾಸ್ಕೆಟ್ಟೂ ಬದಲಿಸಿ.

ತಾರ ಸ್ವರ ನುಡಿಸುವ ಟ್ವೀಟರ್ ಮಂಕಾ? ಧ್ವನಿಯನ್ನ ವೂಫರ್-ಟ್ವೀಟರ್‌ಗೆ ಹಂಚುವ ಕ್ರಾಸೋವರ್‌ನ ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತೆಗೆದು, ಅದೇ ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಹಾಕಿ. ಎರಡೂ ಪೆಟ್ಟಿಗೆಗೆ ಒಟ್ಟಿಗೇ ಮಾಡಿ, ಇಲ್ಲಾಂದ್ರೆ ಎಡ-ಬಲ ಒಂದೇ ಥರ ಕೇಳಲ್ಲ. ಒಳಗೆ ಫೈಬರ್‌ಗ್ಲಾಸ್ ತುಂಬಿದ್ದರೆ ಕೈಗೆ ಗ್ಲೌಸ್ ಇರಲಿ.